ಮಳೆಗಾಲದ ರಂಗಮಂದಿರ, ಮಾರ್ಚ್ ತಿಂಗಳ ಲೆಕ್ಕ

ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಹೊಸ ಜಿಲ್ಲಾ ಕೇಂದ್ರಕ್ಕೆ ಬೇಕಾದ ಕಚೇರಿಗಳು ಒಂದೊಂದಾಗಿ ಎದ್ದುನಿಂತರೂ, ಆದಿಉಡುಪಿಯಲ್ಲಿ ಉದ್ದೇಶಿಸಿದ ಜಿಲ್ಲಾ ರಂಗಮಂದಿರ ಮಾತ್ರ ವರ್ಷಗಟ್ಟಲೆ ನನೆಗುದಿಗೆ ಬಿದ್ದಿತು; ಮಂಗಳೂರಿನ ಬೊಂದೇಲಿನಲ್ಲಿ ಕಟ್ಟಬೇಕೆಂದಿದ್ದ ಜಿಲ್ಲಾ ರಂಗಮಂದಿರವೂ ಇದೇ ಹಾದಿ ಹಿಡಿದದ್ದರಿಂದ, ಇದನ್ನು ಒಂದು ಊರಿನ ದುರದೃಷ್ಟ ಎನ್ನಲಾಗದು. ಇಂಥ ವಿಳಂಬ ಪ್ರಸ್ತಾಪವಾದಾಗಲೆಲ್ಲ ಅನುದಾನದ ಕೊರತೆಯ ಮಾತು ಮೊದಲು ಬರುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಹಣ ಎಷ್ಟು ಬಂತು ಎಂಬುದಕ್ಕಿಂತ ಅದು ಯಾವ ತಿಂಗಳಲ್ಲಿ ಬಂತು, ಕಟ್ಟಡದ ಯಾವ ಭಾಗಕ್ಕೆ ಬಂತು ಎಂಬುದು ಹೆಚ್ಚು ಮುಖ್ಯವಾಗಿದ್ದು, ಕರಾವಳಿಯ ಮಟ್ಟಿಗೆ ಈ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳಿದಂತಿಲ್ಲ.

ಕಲೆಗೆ ಇಲ್ಲಿ ಜಾಗದ ಅಭಾವವೇ ಇಲ್ಲ ಎಂಬ ವಾದವೊಂದುಂಟು. ಕೃಷ್ಣಮಠದ ರಾಜಾಂಗಣ, ಎಂಜಿಎಂ ಕಾಲೇಜಿನ ಮುದ್ದಣ ಮಂಟಪ, ಊರೂರಿನ ದೇವಸ್ಥಾನದ ಅಂಗಳ, ಇಗರ್ಜಿಗಳ ಸಭಾಂಗಣ, ಇಷ್ಟೆಲ್ಲ ಇರುವಾಗ ಸರ್ಕಾರಿ ರಂಗಮಂದಿರ ಏಕೆ ಎನ್ನುವವರು ಮಳೆಗಾಲವನ್ನು ಮರೆತಿರುತ್ತಾರೆ. ಯಕ್ಷಗಾನ ಮೇಳಗಳ ತಿರುಗಾಟ, ಅಂದರೆ ಊರಿಂದೂರಿಗೆ ಸಾಗಿ ಬಯಲಿನಲ್ಲಿ ಆಟ ಆಡುವ ವಾರ್ಷಿಕ ಸಂಚಾರ, ದೀಪಾವಳಿಯ ಅನಂತರ ಆರಂಭವಾಗಿ ಪತ್ತನಾಜೆಯ ಹೊತ್ತಿಗೆ ಕೊನೆಗೊಳ್ಳುತ್ತದೆ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಮೇ ಕೊನೆಯ ವಾರದ ಆಸುಪಾಸಿನಲ್ಲಿ ಅದು ಬರುತ್ತದೆ. ಅಲ್ಲಿಂದ ಮುಂದೆ ಹತ್ತಿರ ಹತ್ತಿರ ಐದು ತಿಂಗಳು ಕಲಾವಿದರಿಗೆ ಮೇಳದ ಸಂಪಾದನೆ ಇರುವುದಿಲ್ಲ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆಯ ಮಳೆಯಲ್ಲಿ ಮನೆಮನೆಗೆ ಹೋಗಿ ಪ್ರಸಂಗದ ತುಣುಕುಗಳನ್ನು ಆಡಿ ತೋರಿಸಿದರೆ, ಉಳಿದವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಬಿಡುವ ಜಿಲ್ಲೆಯಲ್ಲಿ, ಕಡಿಮೆ ಬಾಡಿಗೆಯ ಸಾರ್ವಜನಿಕ ರಂಗಮಂದಿರವೆಂಬುದು ಕಲಾವಿದನ ಅರ್ಧ ವರ್ಷದ ಜೀವನೋಪಾಯದ ಪ್ರಶ್ನೆಯಾಗಿದೆ.

ಕಟ್ಟಡವನ್ನು ಅಗತ್ಯವಾಗಿಸುವ ಈ ಮಳೆಯೇ ಕಟ್ಟುವ ಕೆಲಸವನ್ನೂ ಆಳುತ್ತದೆ ಎಂಬುದನ್ನು ಸರ್ಕಾರದ ಲೆಕ್ಕಪತ್ರ ಗಮನಕ್ಕೆ ತಂದುಕೊಳ್ಳುವುದಿಲ್ಲ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಜೆಟ್‌ನಲ್ಲಿ ಹೆಸರು ಬಂದ ಕಾಮಗಾರಿಗೆ ಮೊದಲು ಆಡಳಿತಾತ್ಮಕ ಅನುಮೋದನೆ, ಅಂದರೆ ಈ ಕೆಲಸ ಮಾಡಬಹುದೆಂಬ ಸರ್ಕಾರಿ ಆದೇಶ ಸಿಗಬೇಕು. ಆಮೇಲೆ ನಕ್ಷೆ ಮತ್ತು ಅಂದಾಜುಪಟ್ಟಿಯನ್ನು ಎಂಜಿನಿಯರುಗಳು ಒಪ್ಪುವ ತಾಂತ್ರಿಕ ಮಂಜೂರಾತಿ ಆಗಬೇಕು. ಅದಾದ ಮೇಲೆ 1999ರ ಪಾರದರ್ಶಕತಾ ಕಾಯ್ದೆಯಂತೆ ಟೆಂಡರ್ ಕರೆಯಬೇಕು. ಒಂದು ಹಂತ ತಪ್ಪಿದರೂ ಅಕ್ಟೋಬರಿನಿಂದ ಮೇವರೆಗಿನ ಒಣ ತಿಂಗಳುಗಳು ಕಡತದೊಳಗೇ ಕಳೆದುಹೋಗುತ್ತವೆ. ಮಾರ್ಚ್ ಅಂತ್ಯದಲ್ಲಿ ಬಿಡುಗಡೆಯಾದ ಹಣ ಮಲೆನಾಡಿನಾಚೆಯ ಬಯಲುಸೀಮೆಯಲ್ಲಿ ಬೇಗನೆ ಗೋಡೆಯಾಗಬಹುದು. ಕರಾವಳಿಯಲ್ಲಿ ಅದಕ್ಕೆ ಸಿಗುವುದು ಎರಡೇ ತಿಂಗಳು, ಆಮೇಲೆ ಅಡಿಪಾಯದ ಹೊಂಡದಲ್ಲಿ ನೀರು ನಿಲ್ಲುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂತೆಕಟ್ಟೆಯ ಅಂಡರ್‌ಪಾಸ್ ಕಾಮಗಾರಿ ಒಂದಕ್ಕಿಂತ ಹೆಚ್ಚು ಮಳೆಗಾಲಗಳಿಗೆ ಎಳೆದುಕೊಂಡು ಹೋದಾಗ ಕಲ್ಯಾಣಪುರದ ಕಡೆಯವರು ಇದನ್ನು ದಿನನಿತ್ಯ ಅನುಭವಿಸಿದ್ದಾರೆ. ರಸ್ತೆ ನಿಂತರೆ ಪ್ರತಿಭಟನೆಯಾಗುತ್ತದೆ, ಗಡುವು ಕೇಳುತ್ತಾರೆ. ರಂಗಮಂದಿರ ನಿಂತರೆ ಯಾರ ವಾಹನವೂ ಸಿಕ್ಕಿಹಾಕಿಕೊಳ್ಳುವುದಿಲ್ಲವಾದ್ದರಿಂದ, ಕೇಳುವ ದನಿ ರಂಗಾಸಕ್ತರ ಸಣ್ಣ ವಲಯವನ್ನು ದಾಟಿ ಹೋಗುವುದೇ ಇಲ್ಲ.

ಇನ್ನೊಂದು ತೊಡಕು ‘ಹಂತ’ ಎಂಬ ಏರ್ಪಾಡಿನಲ್ಲಿದೆ. ಪೂರ್ತಿ ಹಣ ಒಮ್ಮೆಗೇ ಸಿಗದ ಕಡೆ ಕಟ್ಟಡವನ್ನು ಹಂತಗಳಾಗಿ ಒಡೆದು, ಮೊದಲ ಹಂತದಲ್ಲಿ ಕಂಬ ಮತ್ತು ಛಾವಣಿಯನ್ನೂ ಕೊನೆಯ ಹಂತದಲ್ಲಿ ಬೆಳಕು, ಧ್ವನಿ, ಆಸನಗಳನ್ನೂ ಇಡುವುದು ವಾಡಿಕೆ. ಗೋದಾಮಿಗೆ ಈ ಕ್ರಮ ಸರಿಹೋಗುತ್ತದೆ. ಆದರೆ ರಂಗಮಂದಿರದಲ್ಲಿ ಮಾತು ಕೊನೆಯ ಸಾಲಿಗೆ ಕೇಳಿಸುವುದೂ ಕೇಳಿಸದಿರುವುದೂ ಛಾವಣಿಯ ಎತ್ತರ ಮತ್ತು ಗೋಡೆಗಳ ಕೋನವನ್ನು ಅವಲಂಬಿಸಿರುವುದರಿಂದ, ಧ್ವನಿಯನ್ನು ಕೊನೆಗೆ ನೋಡಿಕೊಳ್ಳೋಣ ಎಂದವರು ಮೊದಲ ಹಂತದಲ್ಲೇ ಅದನ್ನು ಕೆಡಿಸಿರುತ್ತಾರೆ. ಹಂತಗಳ ನಡುವೆ ವರ್ಷಗಳು ಉರುಳಿದಂತೆ ದರಪಟ್ಟಿ ಬದಲಾಗಿ ಅಂದಾಜು ಪರಿಷ್ಕರಣೆಗೊಳ್ಳಬೇಕಾಗುತ್ತದೆ, ಪರಿಷ್ಕೃತ ಅಂದಾಜಿಗೆ ಮತ್ತೆ ಅನುಮೋದನೆ ಬೇಕಾಗುತ್ತದೆ; ವಿಳಂಬವೇ ಮುಂದಿನ ವಿಳಂಬವನ್ನು ಹಡೆಯುತ್ತದೆ.

ಯೋಜನೆ ಪಕ್ವವಾಗುವ ಮುನ್ನ ಕೆಲಸ ಆರಂಭಿಸಿದರೆ ಶ್ರೀಮಂತ ದೇಶವೂ ಎಡವುತ್ತದೆ ಎಂಬುದಕ್ಕೆ ಸಿಡ್ನಿ ಒಪೆರಾ ಹೌಸ್ ಸಾಕ್ಷಿ. ಜೋರ್ನ್ ಉಟ್ಸೋನ್ ಎಂಬ ಡೆನ್ಮಾರ್ಕಿನ ವಾಸ್ತುಶಿಲ್ಪಿಯ ವಿನ್ಯಾಸ 1957ರಲ್ಲಿ ಆಯ್ಕೆಯಾಯಿತು. ಛಾವಣಿಯ ಲೆಕ್ಕಾಚಾರ ಮುಗಿಯುವ ಮೊದಲೇ, ಜನಾಭಿಪ್ರಾಯ ಬದಲಾದೀತೆಂಬ ರಾಜಕೀಯ ಅವಸರದಿಂದ, 1959ರಲ್ಲಿ ಕೆಲಸ ಶುರುವಾಗಿ, ಎದ್ದ ಕಂಬಗಳು ಛಾವಣಿಯ ಭಾರಕ್ಕೆ ಸಾಲವೆಂದು ಅವನ್ನು ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದ ಕಟ್ಟಡ 1973ರಲ್ಲಿ ತೆರೆಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಳ ಅಂದಾಜು 10 ಕೋಟಿ ದಾಟಿತು. ಇದಕ್ಕಿಂತ ಮುಖ್ಯವಾಗಿ ಕಲಿಯಬೇಕಾದದ್ದು ಮತ್ತೊಂದಿದೆ. 1966ರಲ್ಲಿ ಉಟ್ಸೋನ್ ಹೊರನಡೆದ ಮೇಲೆ ದೊಡ್ಡ ಸಭಾಂಗಣವನ್ನು ಸಂಗೀತ ಕಛೇರಿಗೆ ಮೀಸಲಿಡಲಾಗಿ, ಅಲ್ಲಿ ಆಗಲೇ ಕೂರಿಸಿದ್ದ ರಂಗಯಂತ್ರಗಳನ್ನು ಕಿತ್ತುಹಾಕಲಾಯಿತು. ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ಅಲ್ಲಿನ ನಾಟಕಪ್ರಕಾರ, ತನ್ನ ಹೆಸರನ್ನೇ ಹೊತ್ತ ಕಟ್ಟಡದಲ್ಲಿ ಇಕ್ಕಟ್ಟಾದ ಚಿಕ್ಕ ಸಭಾಂಗಣಕ್ಕೆ ಸರಿಯಬೇಕಾಯಿತು.

ಉಡುಪಿಯಲ್ಲಿ ಯಕ್ಷಗಾನಕ್ಕೆ ಈ ಗತಿ ಒದಗುವ ಅಪಾಯ ನಿಜವಾಗಿಯೂ ಇದೆ. ಸರ್ಕಾರಿ ರಂಗಮಂದಿರಗಳ ಮಾದರಿ ನಕ್ಷೆಯಲ್ಲಿ ಚೌಕಟ್ಟಿನೊಳಗಿನ ವೇದಿಕೆ, ಎರಡು ಪಕ್ಕಗಳಲ್ಲಿ ಪರದೆ, ಹಿಂದೆ ಕನ್ನಡಿ ಮತ್ತು ಕುರ್ಚಿಗಳ ಬಣ್ಣದ ಕೋಣೆ ಇರುತ್ತವೆ. ಯಕ್ಷಗಾನದ ರಂಗಸ್ಥಳವಾದರೋ ಮೂರು ಕಡೆಯಿಂದ ಪ್ರೇಕ್ಷಕರಿಗೆ ತೆರೆದುಕೊಂಡದ್ದು. ಅದರ ಚೌಕಿ, ಅಂದರೆ ವೇಷ ಕಟ್ಟುವ ಸ್ಥಳ, ಗಣಪತಿಯ ಪೂಜೆ ನಡೆಯುವ ಉದ್ದನೆಯ ತೆರಪಾಗಿದ್ದು, ಕಲಾವಿದರು ತಮ್ಮ ತಮ್ಮ ಸ್ಥಾನದ ಕ್ರಮದಲ್ಲಿ ಎರಡೂ ಬದಿಗೆ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ಕೇದಗೆ ಮುಂದಲೆ, ಕಿರೀಟ, ಭುಜಕೀರ್ತಿಗಳನ್ನು ಕಟ್ಟಿಕೊಂಡ ವೇಷಧಾರಿ ಇಕ್ಕಟ್ಟಿನ ಬಾಗಿಲಲ್ಲಿ ಅಡ್ಡ ತಿರುಗಿ ನುಸುಳಬೇಕಾಗುವ ಕಟ್ಟಡವನ್ನು ಈ ಜಿಲ್ಲೆಯಲ್ಲಿ ಕಟ್ಟುವುದು ಅಕ್ಷಮ್ಯ. ಕು.ಶಿ. ಹರಿದಾಸ ಭಟ್ಟರು 1971ರಲ್ಲಿ ಯಕ್ಷಗಾನ ಕೇಂದ್ರವನ್ನು ಕಟ್ಟಿದ, ಶಿವರಾಮ ಕಾರಂತರು ಅದೇ ಕೇಂದ್ರದಲ್ಲಿ ತಮ್ಮ ಪ್ರಯೋಗಗಳನ್ನು ನಡೆಸಿದ ಊರು ಇದು. ಕಾರಂತರ ಹೆಸರಿನ ರಂಗಮಂದಿರವೊಂದು ಸಾಗರ ತಾಲ್ಲೂಕಿನ ಹೆಗ್ಗೋಡೆಂಬ ಹಳ್ಳಿಯಲ್ಲಿ ನೀನಾಸಮ್ ಎಂಬ ನಾಟಕ ಸಂಸ್ಥೆಯ ಆಶ್ರಯದಲ್ಲಿ 1972ರಲ್ಲೇ ಎದ್ದಿತು. ಕಟ್ಟಿಸಿದವರು ನಾಟಕ ಆಡುವವರೇ ಆಗಿದ್ದರೆಂಬುದು ಗಮನಿಸಬೇಕಾದ ಸಂಗತಿ.

ಅವಸರದ ಉದ್ಘಾಟನೆ ವಿಳಂಬಕ್ಕೆ ಪರಿಹಾರವಲ್ಲ. ಕಾರ್ಕಳದ ಬೈಲೂರಿನ ಉಮಿಕಲ್ ಗುಡ್ಡದಲ್ಲಿ ಪರಶುರಾಮ ಥೀಮ್ ಪಾರ್ಕ್ 2023ರ ಜನವರಿಯಲ್ಲಿ ಉದ್ಘಾಟನೆಗೊಂಡು, ಅದೇ ವರ್ಷ ಅಲ್ಲಿನ ಪರಶುರಾಮ ಮೂರ್ತಿಯ ಮೇಲ್ಭಾಗವನ್ನು ಕೆಳಗಿಳಿಸಿದ ಮೇಲೆ ವಿವಾದದಲ್ಲಿ ಮುಳುಗಿತು.

ಕೇಳಬೇಕಾದದ್ದು ಹೀಗಾಗಿ ಬಹಳ ನಿರ್ದಿಷ್ಟವಾಗಿದೆ. ಕರಾವಳಿ ಜಿಲ್ಲೆಗಳ ಕಟ್ಟಡ ಕಾಮಗಾರಿಗೆ ಅನುಮೋದನೆ ಮತ್ತು ಟೆಂಡರಿನ ಕೆಲಸಗಳನ್ನು ಮಳೆಯ ನಾಲ್ಕು ತಿಂಗಳಲ್ಲೇ ಮುಗಿಸಿ, ಅಕ್ಟೋಬರಿಗೆ ಗುತ್ತಿಗೆದಾರ ಜಾಗಕ್ಕೆ ಇಳಿಯುವಂತೆ ಆದೇಶವಾಗಬೇಕು. ಧ್ವನಿ ಮತ್ತು ಬೆಳಕಿನ ವಿನ್ಯಾಸ ಮೊದಲ ಅಂದಾಜುಪಟ್ಟಿಯಲ್ಲೇ ಸೇರಿ, ಅವುಗಳ ಹಣವನ್ನು ಬೇರೆ ಬಾಬತ್ತಿಗೆ ತಿರುಗಿಸದಂತೆ ಕಾದಿರಿಸಬೇಕು. ನಕ್ಷೆಗೆ ಸಹಿ ಬೀಳುವ ಮುನ್ನ ಮೇಳಗಳ ಭಾಗವತರು, ವೇಷಧಾರಿಗಳು, ಹವ್ಯಾಸಿ ನಾಟಕ ತಂಡದವರು ಅದನ್ನು ನೋಡಿ ಲಿಖಿತ ಅಭಿಪ್ರಾಯ ಕೊಡುವ ಸಭೆಯೊಂದು ಉಡುಪಿಯಲ್ಲೇ ನಡೆಯಬೇಕು. ಆ ಸಭೆಯನ್ನು ಪತ್ತನಾಜೆಯ ಅನಂತರ ಕರೆದರೆ ಕಲಾವಿದರೆಲ್ಲರೂ ಊರಿನಲ್ಲೇ ಇರುತ್ತಾರೆ.