ಬಿಸಿಲೂರಿನ ಊಟ

ಹೊಸನಗರ ಸೀಮೆಯ ಗೃಹಿಣಿಯೊಬ್ಬರು ಬರೆದ ಕಾಗದವು ಈ ತಿಂಗಳು ನಮ್ಮ ಕೈಸೇರಿದೆ. ಅವರ ಅಡಕೆಯ ತೋಟಕ್ಕೆ ಎಲೆಚುಕ್ಕೆ ರೋಗ ತಗುಲಿ ಫಸಲು ಇಳಿದುಹೋದುದರಿಂದ, ಹಿರಿಯ ಮಗನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಬಳ್ಳಾರಿಯಲ್ಲಿ ಬಿಡಾರ ಹೂಡಿರುವನಂತೆ. “ಮಾಣಿಗೆ ಅಡಿಗೆ ಬಾರದು. ಆ ಬಿಸಿಲಿನಲ್ಲಿ, ಆ ಖಾರದಲ್ಲಿ ಅವನ ಹೊಟ್ಟೆಯ ಗತಿಯೇನು? ನಮ್ಮ ಕಡೆಯ ಊಟ ಸಿಕ್ಕುವ ಹೋಟೆಲು ಅಲ್ಲಿ ಯಾವುದಾದರೂ ಉಂಟೆ?” ಎಂಬುದು ಆ ತಾಯಿಯ ಪ್ರಶ್ನೆ. ಇಂಥ ಪ್ರಶ್ನೆ ಈಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹುಟ್ಟಿರುವುದರಿಂದ ಇಲ್ಲಿಯೇ ಉತ್ತರ ಬರೆಯುವುದು ಉಚಿತವೆಂದು ತೋರಿತು.

ಮೊದಲು ಕೊನೆಯ ಮಾತಿಗೆ ಉತ್ತರ. ನಮ್ಮ ಕಡೆಯ ಊಟವನ್ನು ಅಲ್ಲಿ ಹುಡುಕಬಾರದು. ಉಡುಪಿಯವರ ಹೋಟೆಲು ಇಲ್ಲದ ಪಟ್ಟಣ ಈ ನಾಡಿನಲ್ಲಿಲ್ಲವಾದುದರಿಂದ ಇಡ್ಡಲಿಗೂ ದೋಸೆಗೂ ಕೊರತೆಯಾಗದು. ಆದರೆ ದಿನವೂ ಎರಡು ಹೊತ್ತು ಅದೇ ಸಾಂಬಾರನ್ನು ಉಂಡವನಿಗೆ ತಿಂಗಳೊಳಗೆ ಬಾಯಿ ಕೆಡುವುದು, ಕೈಯಲ್ಲಿನ ಹಣವೂ ಕರಗುವುದು. ಆ ಊರಿನವರು ತಾವೇ ಉಣ್ಣುವ ಚಿಕ್ಕ ಅಂಗಡಿಗಳೂ ಖಾನಾವಳಿಗಳೂ ಇವೆಯಲ್ಲ, ಪರಸ್ಥಳದಿಂದ ಹೋದವನನ್ನು ಕಾಪಾಡುವುವು ಅವೇ.

ಬಳ್ಳಾರಿಯು ಮರುಭೂಮಿಯೇನೂ ಅಲ್ಲ. ಆದರೂ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರನ್ನು ಮೀರಿ ಮಳೆ ಸುರಿದರೆ ಅಲ್ಲಿ 500ರ ಆಸುಪಾಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪವು 40 ಡಿಗ್ರಿಯನ್ನು ಮುಟ್ಟುವುದು ವಾಡಿಕೆ. ಬೋಳುಬಂಡೆಯ ಗುಡ್ಡ, ಅದರ ಮೇಲೊಂದು ಕೋಟೆ, ಕೆಳಗೆ ಕಾದ ಬೀದಿ. ಸೋಗೆಯ ನೆರಳಿನಲ್ಲಿ ಬೆಳೆದವನಿಗೆ ಅದು ಮರುಭೂಮಿಯೆಂದೇ ತೋರಿದರೆ ಅವನನ್ನು ದೂರುವಂತಿಲ್ಲ. ಆದರೆ ಆ ಒಣಹವೆಯೇ ಅಲ್ಲಿಯ ಆಹಾರದ ಗುಟ್ಟೆಂಬುದನ್ನು ಗಮನಿಸತಕ್ಕದ್ದು. ಆಷಾಢದಲ್ಲಿ ನಾವು ಮಂಡಕ್ಕಿಯ ಡಬ್ಬಿಯ ಮುಚ್ಚಳವನ್ನು ಕಾಲುಗಂಟೆ ತೆರೆದಿಟ್ಟರೆ ಸಾಕು, ಅದು ನಾರಾಗಿ ಹೋಗುವುದು. ಅಲ್ಲಿ ಮೂಟೆಯ ಬಾಯಿಯನ್ನು ಬಿಚ್ಚಿಟ್ಟೇ ಮಾರುತ್ತಾರೆ. ಅದು ಸಂಜೆಯವರೆಗೂ ಗರಿಗರಿಯಾಗಿಯೇ ಇರುವುದು.

ಈ ಮಂಡಕ್ಕಿಯೇ, ಅವರ ಮಾತಿನಲ್ಲಿ ಮಂಡಾಳು, ಬಳ್ಳಾರಿಯ ಬೆಳಗಿನ ಉಪಾಹಾರ. ತೇರು ಬೀದಿ, ಬ್ರೂಸ್‌ಪೇಟೆ, ಕೌಲ್ ಬಜಾರ್ ಮೊದಲಾದ ಹಳೆಯ ಪೇಟೆಗಳಲ್ಲಿ ಹೊತ್ತು ಮೂಡುವ ವೇಳೆಗೆ ಒಗ್ಗರಣೆಯ ಘಮ ಬರುತ್ತಿರುತ್ತದೆ. ತಿಂಡಿಯ ಹೆಸರೂ “ಒಗ್ಗರಣೆ” ಎಂದೇ. ಆಂಧ್ರದ ಗಡಿಯ ಕಡೆಯವರು “ಉಗ್ಗಾಣಿ” ಎನ್ನುವರು. ಮಂಡಾಳನ್ನು ನೀರಿಗೆ ಹಾಕಿ, ತೋಯ್ದ ಕೂಡಲೇ ಎರಡು ಅಂಗೈಗಳಿಂದ ಹಿಂಡಿ ತೆಗೆದು, ಈರುಳ್ಳಿ, ಹಸಿಮೆಣಸು, ಅರಿಸಿನಗಳ ಒಗ್ಗರಣೆಯಲ್ಲಿ ಹೊರಳಿಸಿ, ಹುರಿಗಡಲೆಯ ಹಿಟ್ಟನ್ನು ಉದುರಿಸಿ, ನಿಂಬೆಯ ಹುಳಿ ಹಿಂಡುವರು. ಒಲೆಯ ಕೆಲಸ ಕೆಲವೇ ನಿಮಿಷದ್ದು. ಬಿಸಿಲೂರಿನ ಅಡಿಗೆಯವಳು ಬೆಂಕಿಯ ಮುಂದೆ ನಿಲ್ಲುವ ಹೊತ್ತನ್ನು ಎಷ್ಟು ಜಾಣತನದಿಂದ ಕಡಮೆ ಮಾಡಿಕೊಂಡಿದ್ದಾಳೆ ನೋಡಿರಿ! ನಮ್ಮ ಮನೆಗಳಲ್ಲಿಯೂ ಬೇಸಗೆಯ ಸಂಜೆ ಇದನ್ನು ಮಾಡಿ ನೋಡಬಹುದು.

ಅಂಗಡಿಯನ್ನು ಆರಿಸಿಕೊಳ್ಳುವ ಬಗೆಯನ್ನು ಹುಡುಗನಿಗೆ ತಿಳಿಸಿ ಬರೆಯಿರಿ. ಗಿರಾಕಿ ಬಂದ ಮೇಲೆ ಮಂಡಾಳನ್ನು ನೆನೆಸುವವನದು ಒಳ್ಳೆಯ ಅಂಗಡಿ. ಮೊದಲೇ ಕಲಸಿ ರಾಶಿ ಹಾಕಿಟ್ಟವನದು ಹಿಟ್ಟಿನ ಮುದ್ದೆ. ಒಗ್ಗರಣೆಯ ಜೊತೆಗೆ ಮಿರ್ಚಿ ಇಲ್ಲದೆ ಅಲ್ಲಿಯವರಿಗೆ ತಿಂಡಿಯೇ ಪೂರ್ತಿಯಾಗದು. ಉದ್ದನೆಯ ತಿಳಿಹಸುರು ಮೆಣಸಿನಕಾಯಿಯನ್ನು ಸೀಳಿ, ಓಮ, ಉಪ್ಪು, ಹುಣಿಸೆಹುಳಿಗಳನ್ನು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವರು. ಓಮವನ್ನು ಹಾಕುವುದು ಬರಿಯ ರುಚಿಗಲ್ಲ, ಕರಿದದ್ದು ಅರಗಲೆಂದು. ಕಾಯಿಯು ನೋಟಕ್ಕೆ ಹೆದರಿಸುವಷ್ಟು ಖಾರವಿರುವುದಿಲ್ಲವಾದರೂ ಎಲ್ಲ ಕಾಯಿಯದೂ ಒಂದೇ ಗುಣವಲ್ಲ. ಬಾಣಲೆಯ ಎಣ್ಣೆ ಕಪ್ಪಾಗಿದ್ದಲ್ಲಿ ತಿನ್ನಬಾರದು. ಹೊಸಬನು ಮೊದಲ ತಿಂಗಳು ಒಂದಕ್ಕೆ ತೃಪ್ತನಾಗಲಿ, ಅದೂ ಬೆಳಿಗ್ಗೆ ಅಥವಾ ಹೊತ್ತು ಮುಳುಗಿದ ಮೇಲೆ. ನಡುಹಗಲಿಗೆ ಮಜ್ಜಿಗೆಯೇ ಸರಿ.

ಇನ್ನು ಊಟದ ಮಾತು. ಖಾನಾವಳಿ ಎಂಬ ಹೆಸರನ್ನು ಕೇಳಿ ಮಲೆನಾಡಿನ ಹೆಂಗಸರು ಮೂಗು ಮುರಿಯುವುದುಂಟು. ಹಾಗೆ ಮುರಿಯಲು ಕಾರಣವಿಲ್ಲ. ಶಾಕಾಹಾರದ ಖಾನಾವಳಿಯೂ ಬೇಕಾದಷ್ಟು ಉಂಟು. ಹಲಗೆಯನ್ನು ಓದಿ ಒಳಕ್ಕೆ ಹೋದರಾಯಿತು. ಹಲವೆಡೆ ಒಂದೇ ಸಂಸಾರದವರು ಒಟ್ಟಾಗಿ ನಡೆಸುತ್ತಾರೆ. ಗಂಡಸು ಬಡಿಸಿದರೆ ಹೆಂಗಸರು ಒಳಗೆ ರೊಟ್ಟಿ ತಟ್ಟುತ್ತಿರುವರು. ಆ ತಟ್ಟುವ ಸದ್ದೇ ಒಳ್ಳೆಯ ಖಾನಾವಳಿಯ ಗುರುತು. ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟಿಗೆ ನಮ್ಮ ಅಕ್ಕಿಯ ಹಿಟ್ಟಿನ ಅಂಟಿಲ್ಲ. ಕೈಯ ಹದವೊಂದೇ ಅದನ್ನು ಹಿಡಿದಿಡಬೇಕು. ಕಾವಲಿಯಿಂದ ಎಲೆಗೆ ಬಂದ ರೊಟ್ಟಿ, ಎಣ್ಣೆಗಾಯಿ ಬದನೆ, ಒಂದು ಕಾಳಿನ ಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ ಪುಡಿ, ಗಟ್ಟಿ ಮೊಸರು, ಹಸಿಯ ಈರುಳ್ಳಿ. ಕಡೆಯಲ್ಲಿ ಒಂದಿಷ್ಟು ಅನ್ನ. ನಮ್ಮ ಹುಡುಗರು ಮಾಡುವುದೇನೆಂದರೆ, ರೊಟ್ಟಿಯನ್ನು ತಿಂಡಿಯೆಂದು ಬಗೆದು ಒಂದನ್ನು ಮುರಿದು, ಅನ್ನಕ್ಕಾಗಿ ಕಾದು ಕುಳಿತು, ಅದು ಸಾಲದೆ ಹಸಿದು ಏಳುವರು. ರೊಟ್ಟಿಯೇ ಅಲ್ಲಿ ಊಟ. ಎರಡು ರೊಟ್ಟಿ ತಿಂದು, ಮೊಸರಿನಲ್ಲಿ ಅನ್ನ ಕಲಸಿ ಮುಗಿಸಿದವನಿಗೆ ರಾತ್ರಿಯವರೆಗೆ ಹಸಿವು ಸುಳಿಯದು. ಮೊಸರಿರುವಾಗ ಖಾರವೂ ಹೊಟ್ಟೆಯನ್ನು ಕಾಡದು.

ತಿಂಗಳ ಲೆಕ್ಕಕ್ಕೆ ಊಟ ಗೊತ್ತುಮಾಡಿಕೊಳ್ಳುವ ಪದ್ಧತಿಯುಳ್ಳ ಖಾನಾವಳಿ ದೊರೆತರೆ ಅದೇ ಮೇಲು. ಹಣ ಉಳಿಯುವುದು ಒಂದು. ಅದಕ್ಕಿಂತ ಹೆಚ್ಚಿನದು, ದಿನವೂ ಬರುವ ಹುಡುಗನು ಎರಡು ದಿನ ಬಾರದಿದ್ದರೆ “ಯಾಕಪ್ಪಾ, ಮೈಯಲ್ಲಿ ಹುಷಾರಿಲ್ಲವೋ?” ಎಂದು ಕೇಳುವ ಒಬ್ಬ ತಾಯಿಯಾದರೂ ಆ ಊರಿನಲ್ಲಿ ಇರುವಳು. ಗಾಜಿನ ಬಾಗಿಲಿನ ದೊಡ್ಡ ಹೋಟೆಲಿನಲ್ಲಿ ಈ ಪದಾರ್ಥ ಎಷ್ಟು ಹಣಕ್ಕೂ ಸಿಕ್ಕದು.

ಆ ಕಡೆಯ ಅನ್ನದ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಹಿಂದೆ ಅದು ಜೋಳದ ಸೀಮೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಕಾಲುವೆಗಳು ಹರಿದ ಮೇಲೆ ಸಿರುಗುಪ್ಪ, ಗಂಗಾವತಿಗಳ ಬಯಲು ಭತ್ತದ ಕಣಜವಾಯಿತು. ಆ ನೀರು ಎಲ್ಲಿಯದು? ತೀರ್ಥಹಳ್ಳಿಯ ಮೇಲೆ ಹರಿಯುವ ತುಂಗೆಯದು, ಹೊಸನಗರದ ಸೀಮೆಯಲ್ಲಿ ಹುಟ್ಟುವ ಕುಮುದ್ವತಿಯದು, ನಮ್ಮ ಸಾಗರದ ವರದಾಮೂಲದಿಂದ ಹೊರಟ ವರದೆಯದು. ನಮ್ಮ ಮಾಡಿನಿಂದ ಸುರಿದ ಮಳೆಯೇ ಗದ್ದೆಯಾಗಿ, ಭತ್ತವಾಗಿ, ಆ ಖಾನಾವಳಿಯ ಎಲೆಯ ಮೇಲೆ ಬೀಳುತ್ತಿದೆಯೆಂದರೆ ತಪ್ಪಿಲ್ಲ. ಪರಸ್ಥಳದ ಅನ್ನವೆಂದು ಕೊರಗುವ ತಾಯಂದಿರು ಇದನ್ನು ಮಗನಿಗೆ ಬರೆದರೆ ಒಳ್ಳೆಯದು.

ಕೆಲವರು ಇನ್ನೊಂದು ಸಂದೇಹವನ್ನು ಎತ್ತುವರು, ಮಡಿ-ಮೈಲಿಗೆಯದು. ಹೋಟೆಲುಗಳಲ್ಲಿ ಜಾತಿಗೊಂದು ಕೋಣೆಯಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 15ನೆಯ ವಿಧಿಯು ಅಂಥ ಅಡ್ಡಿಯನ್ನು ಕಾನೂನಿನಿಂದಲೇ ತೆಗೆದುಹಾಕಿತು. ಒಗ್ಗರಣೆಯ ಬಂಡಿಯ ಸುತ್ತ ಕನ್ನಡದವನೂ ತೆಲುಗಿನವನೂ ಉರ್ದುವಿನವನೂ ತಟ್ಟೆ ಹಿಡಿದು ಒಟ್ಟಿಗೆ ನಿಂತಿರುವಾಗ ಯಾರ ಜಾತಿಯನ್ನು ಯಾರು ಕೇಳುವರು? ವರದಹಳ್ಳಿಯ ಆಶ್ರಮಕ್ಕೆ ಮಧ್ಯಾಹ್ನ ಬಂದವರಿಗೆ ಎಲೆ ಹಾಕುವುದನ್ನು ನೋಡಿ ಬೆಳೆದ ನಮ್ಮವರಿಗೆ ಇದು ಹೊಸ ಪಾಠವಾಗಬಾರದು.

ಮಗನನ್ನು ನೋಡಲು ಹೊರಟ ತಾಯಂದಿರು ದಾವಣಗೆರೆಯ ಮಾರ್ಗವಾಗಿ ಹೋಗುವುದಾದರೆ ಅಲ್ಲಿಳಿದು ಬೆಣ್ಣೆದೋಸೆಯನ್ನು ತಿನ್ನತಕ್ಕದ್ದು. 1928ರ ಸುಮಾರಿಗೆ ಬೆಳಗಾವಿಯ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮನೆಂಬ ಹೆಂಗಸು, ನಾಟಕದ ಥಿಯೇಟರಿನ ಬಳಿ ಒಲೆ ಹೂಡಿ, ರಾಗಿಯ ದೋಸೆಗೆ ಬೆಣ್ಣೆ ಹಾಕಿ ಮಾರಿದಳೆಂದೂ, ಅವಳ ಮಕ್ಕಳು ಅದನ್ನು ಅಕ್ಕಿಯ ದೋಸೆಯಾಗಿ ಮಾರ್ಪಡಿಸಿದರೆಂದೂ ಅಲ್ಲಿಯವರು ಹೇಳುವರು. ಈಗಿನ ಹಿಟ್ಟಿಗೆ ಮಂಡಕ್ಕಿಯೂ ಬೀಳುವುದರಿಂದಲೇ ಆ ಮೃದುತ್ವ. ಆ ಊರಿನಲ್ಲಿ ಮಂಡಕ್ಕಿಯ ಭಟ್ಟಿಗಳದೇ ಒಂದು ಬಡಾವಣೆಯಿದೆ.

ಹೋಗುವಾಗ ಬುತ್ತಿಗೆ ತಂಬುಳಿಯನ್ನು ಕಟ್ಟಬೇಡಿರಿ, ದಾರಿಯಲ್ಲಿಯೇ ಹುಳಿಯುವುದು. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಎರಡು ಜಾಡಿ ಒಯ್ಯಿರಿ: ಒಂದು ಮಗನಿಗೆ, ಒಂದು ಖಾನಾವಳಿಯ ಅಮ್ಮನವರಿಗೆ. ಬರುವಾಗ ಕಡಕ್ ರೊಟ್ಟಿ ತನ್ನಿರಿ. ಅಲ್ಲಿ ಅದು ವಾರಗಟ್ಟಲೆ ಇರುವುದಾದರೂ ನಮ್ಮ ಮಳೆಗಾಲದಲ್ಲಿ ಹಾಗಲ್ಲ. ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಮೆತ್ತಗಾದರೆ ಕೆಂಡದ ಮೇಲೊಮ್ಮೆ ತೋರಿಸಿ, ಎಂಟು ದಿನದೊಳಗೆ ಮುಗಿಸತಕ್ಕದ್ದು.