ಸಹಿಸಿಕೊಂಡವರಿಗೆ ಶಹಬ್ಬಾಸ್‌ಗಿರಿ

ಮುಂಬಯಿಯಲ್ಲಿ ಏನೇ ಅನಾಹುತವಾಗಲಿ, ಮರುದಿನ ಪತ್ರಿಕೆಗಳಲ್ಲಿ ಒಂದು ಮಾತು ಖಾಯಂ: ‘ಇದು ಮುಂಬಯಿ ಸ್ಪಿರಿಟ್!’ 2006ರ ಜುಲೈ 11ರ ಸಂಜೆ ಲೋಕಲ್ ರೈಲುಗಳಲ್ಲಿ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತಾಗಲೂ ಇದೇ ಮಾತು. ಮರುದಿನ ಬೆಳಿಗ್ಗೆ ಅದೇ ಮಾರ್ಗದ ರೈಲುಗಳಲ್ಲಿ ಜನ ಮತ್ತೆ ಹೊರಟರಂತೆ. ಹೊರಡದೆ ಇನ್ನೇನು ಮಾಡಬೇಕಿತ್ತು? ವಿರಾರ್‌ನಲ್ಲಿ ಮನೆ, ಚರ್ಚ್‌ಗೇಟ್‌ನಲ್ಲಿ ಕೆಲಸ, ನಡುವೆ ಸುಮಾರು 60 ಕಿ.ಮೀ. ದಿನಗೂಲಿಯವನು ಹೋಗದಿದ್ದರೆ ಆ ದಿನದ ಕೂಲಿ ಖೋತಾ. ಹೊಟ್ಟೆಪಾಡಿಗೆ ಧೈರ್ಯವೆಂದು ಹೆಸರಿಡುವುದು ಎಷ್ಟು ಸುಲಭ!

ಆಘಾತಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ, ನಿಜ. ಆದರೆ ಒಗ್ಗುವುದೆಲ್ಲ ಚೇತರಿಕೆಯಲ್ಲ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಶಾಕ್ ಕೊಟ್ಟರು (ಪಾಪದ ಪ್ರಾಣಿಗಳು!). ಆಮೇಲೆ ಅಡ್ಡಗೋಡೆ ಹಾರಿ ಪಾರಾಗಲು ಅವಕಾಶವಿದ್ದಾಗಲೂ ಅವುಗಳಲ್ಲಿ ಹಲವು ಹಾರಲೇ ಇಲ್ಲ. ಅಸಹಾಯಕತೆಯನ್ನು ಕಲಿತಿವೆ ಎಂದರು ಸಂಶೋಧಕರು. ಸುಮಾರು 50 ವರ್ಷಗಳ ಬಳಿಕ, 2016ರಲ್ಲಿ, ಅವರೇ ಆ ವಾದವನ್ನು ತಲೆಕೆಳಗು ಮಾಡಿದರು: ದೀರ್ಘ ಕಷ್ಟದ ಮುಂದೆ ಸುಮ್ಮನಾಗುವುದೇ ಜೀವಿಯ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು, ‘ಇದನ್ನು ನಾನು ತಡೆಯಬಲ್ಲೆ’ ಎಂಬುದನ್ನು. ಸಹನೆಗೆ ಹಾರ ಹಾಕುವವರು ಈ ಕಲಿಕೆಗೇ ಅಡ್ಡ ನಿಲ್ಲುತ್ತಾರೆ.

ಹಾಗಾದರೆ ಜನ ಅಳುತ್ತಾ ಕೂರಬೇಕೇ ಎಂದು ಕೇಳಬಹುದು. ಅಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಅಪರಿಚಿತರಿಗೆ ಬಾಗಿಲು ತೆರೆದವರು, ಚಹಾ ಕೊಟ್ಟವರು ಇದ್ದರು. ಅದು ದೊಡ್ಡ ಗುಣ, ಸಂಶಯವಿಲ್ಲ. ಆದರೆ ಮೀಠಿ ನದಿಯನ್ನು ಒತ್ತುವರಿ ಮಾಡಿದವರಿಗೆ, ಚರಂಡಿ ಸುಧಾರಣೆಯ 1993ರ ವರದಿಯನ್ನು ಮೂಲೆಗೆಸೆದವರಿಗೆ ಆ ಗುಣವೇ ಗುರಾಣಿಯಾಯಿತಲ್ಲ! ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಸೇತುವೆಯ ಬಗ್ಗೆ ಪ್ರಯಾಣಿಕರು ಮೊದಲೇ ದೂರಿದ್ದರು. 2017ರ ಸೆಪ್ಟೆಂಬರ್ 29ರ ಕಾಲ್ತುಳಿತದಲ್ಲಿ 20ಕ್ಕೂ ಹೆಚ್ಚು ಜನ ಸತ್ತ ಮೇಲೆ ಹೊಸ ಸೇತುವೆ ಕಟ್ಟಲು ಸೇನೆಯನ್ನು ಕರೆಸಲಾಯಿತು.

ಇನ್ನು ರೈಲು ಸ್ಫೋಟದ ಮೊಕದ್ದಮೆ. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಗೆ ಶಿಕ್ಷೆ ವಿಧಿಸಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಅಷ್ಟೂ ಜನರನ್ನು ಖುಲಾಸೆಗೊಳಿಸಿತು. ಅವರಲ್ಲೊಬ್ಬ ಆ ವೇಳೆಗೆ ಬಂಧನದಲ್ಲೇ ಸತ್ತಿದ್ದ. ಮೂರು ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು, ಬಿಡುಗಡೆಯಾದವರು ಮತ್ತೆ ಜೈಲಿಗೆ ಹೋಗಬೇಕಿಲ್ಲ ಎಂದೂ ಹೇಳಿತು. ನಗರವೇನೋ ಮರುದಿನವೇ ಮುಂದೆ ಸಾಗಿತ್ತು. ಈ ಜನರ 19 ವರ್ಷ ಎಲ್ಲಿಗೆ ಹೋಯಿತು? ಇವರಲ್ಲವಾದರೆ ಕೊಂದವರು ಯಾರು? ಸತ್ತವರ ಮನೆಯವರಿಗೆ ಇದಕ್ಕೆ ಉತ್ತರ ಹೇಳಬೇಕಾದವರು, ಅಂದು ಚಪ್ಪಾಳೆ ತಟ್ಟಿದವರೇ.