ಅಂಗಿಯ ಮೇಲೆ ಕಂಪನಿ, ಕೈಯಲ್ಲಿ ಚೀಟಿ ಇಲ್ಲ

ಹಾಸ್ಟೆಲ್ ಗೆಳೆಯರೆ,

ನಾವು ಬಿ.ಎ. ಮಾಡಿದವರು. ದುರ್ಗದ ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ಕನ್ನಡ, ಇತಿಹಾಸ ಓದಿ, ನಡುನಡುವೆ ಪದ್ಯ ಬರೆದು, ಕೊನೆಗೆ ಒಂದು ದೊಡ್ಡ ಟೆಲಿಕಾಂ ಕಂಪನಿಯ ಟೀ ಶರ್ಟು ಹಾಕ್ಕೊಂಡವರು. ನಮ್ಮಲ್ಲೊಬ್ಬ ಹಿರಿಯೂರು ಬಸ್ ಸ್ಟ್ಯಾಂಡಿನ ಹತ್ತಿರ ಛತ್ರಿ ನೆಟ್ಟು ಸಿಮ್ಮು ಮಾರಿದ. ಒಬ್ಬ ಹೊಸದುರ್ಗದ ಕಡೆ ಟವರಿನ ಬುಡದಲ್ಲಿ ರಾತ್ರಿಯೆಲ್ಲ ಡೀಸೆಲ್ ಜನರೇಟರು ಕಾದ. ಉಳಿದವರು ಹೊಳಲ್ಕೆರೆಯಲ್ಲಿ ಮನೆ ಮನೆಗೆ ಫೈಬರ್ ತಂತಿ ಎಳೆದೆವು. ‘ಹುಡುಗ ಕಂಪನಿಗೆ ಸೇರ್ಕಂಡ’ ಅಂತ ಕೇರಿಯೆಲ್ಲ ಮಾತಾಯಿತು. ಅವ್ವಂದಿರು ಹಿಗ್ಗಿದರು. ನಾವೂ ಹಿಗ್ಗಿದೆವು, ಸುಳ್ಳು ಯಾಕೆ ಹೇಳಬೇಕು.

ಆದರೆ ನಾವು ಸೇರಿದ್ದು ಯಾವ ಕಂಪನಿಗೆ? ಅಂಗಿಯ ಮೇಲಿದ್ದ ಹೆಸರು ದೊಡ್ಡ ಕಂಪನಿಯದು. ಕೆಲಸಕ್ಕೆ ಕರೆದವನು ಬೆಂಗಳೂರಿನ ಏಜೆನ್ಸಿಯವನು. ಅವನಿಂದ ಕೆಲಸ ಹಿಡಿದವನು ಇನ್ನೊಬ್ಬ ಗುತ್ತಿಗೆದಾರ. ಅವನ ಕೆಳಗೆ ನಮ್ಮೂರಿನವನೇ ಒಬ್ಬ ಸೂಪರ್‌ವೈಸರ್. ಸಂಬಳ ಬರ್ತಿದ್ದದ್ದು ಆ ಸೂಪರ್‌ವೈಸರನ ಫೋನಿನಿಂದ. 12,000 ಅಂದಿದ್ದರು. ಮೊದಲ ತಿಂಗಳು ಬಂದದ್ದು 9,400. ಯಾಕಪ್ಪಾ ಅಂದ್ರೆ ಟೀ ಶರ್ಟಿನ ದುಡ್ಡು ಹಿಡಿದಿದ್ದೀವಿ, ಟಾರ್ಗೆಟ್ ಮುಟ್ಟದ್ದಕ್ಕೆ ದಂಡ ಹಿಡಿದಿದ್ದೀವಿ ಅಂದ. ಸಂಬಳದ ಚೀಟಿ ಕೊಡಿ ಅಂದೆವು. ನಕ್ಕ. ಪಿ.ಎಫ್. ನಂಬರು ಕೇಳಿದವನಿಗೆ ಮರುದಿನದಿಂದ ಕೆಲಸವೇ ಇರಲಿಲ್ಲ.

ಆ ಟೀ ಶರ್ಟಿನ ಬಗ್ಗೆ ಇನ್ನೊಂದು ಮಾತು. ಅದನ್ನು ಹಾಕ್ಕೊಂಡು ಹೋದರೆ ಮೇಲ್ಜಾತಿಯವರ ಮನೆಯಲ್ಲೂ ಬಾಗಿಲು ತೆಗೀತಾರೆ. ‘ಬಾರಪ್ಪ, ನೆಟ್ಟು ಬರ್ತಾ ಇಲ್ಲ ನೋಡು’ ಅಂತ ಒಳಗೆ ಕರೀತಾರೆ. ಕುರ್ಚಿ ಕೊಡ್ತಾರೆ. ಒಂದು ಹತ್ತು ನಿಮಿಷ ನಮಗೆ ಜಾತಿಯೇ ಇರೋದಿಲ್ಲ. ಆಮೇಲೆ ಡಬ್ಬಿ ಎಲ್ಲಿ ಕೂರಿಸಬೇಕು ಅನ್ನೋ ಪ್ರಶ್ನೆ ಬರುತ್ತೆ. ಒಂದು ಮನೆಯಲ್ಲಿ ಕರೆಂಟಿನ ಪ್ಲಗ್ಗು ಇದ್ದದ್ದು ದೇವರ ಕೋಣೆಯ ಗೋಡೆಗೆ. ಯಜಮಾನರು ಗಡ್ಡ ಕೆರೆದುಕೊಂಡು ಕೇಳಿದರು: ‘ಯಾವೂರಪ್ಪ ನಿಮ್ದು? ಯಾರ ಪೈಕಿ? ಮನೆದೇವ್ರು ಯಾವ್ದು?’ ಈ ಮೂರು ಪ್ರಶ್ನೆಯ ಅರ್ಥ ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಿಜ ಹೇಳಿದೆವು. ಡಬ್ಬಿ ಜಗಲಿಗೆ ಬಂತು. ಅಲ್ಲಿ ಸಿಗ್ನಲ್ ಸರಿಯಾಗಿ ಬರೋದಿಲ್ಲ ಅಂತ ಅವರೇ ಮೂರು ದಿನ ಬಿಟ್ಟು ಕಂಪ್ಲೇಂಟು ಕೊಟ್ಟರು. ಅದರ ದಂಡ ಕೂಡ ನಮ್ಮ ಕೂಲಿಯಲ್ಲೇ ಹೋಯಿತು.

ಕೆಲವರು ಹೇಳ್ತಾರೆ, ಖಾಸಗಿ ಕಂಪನಿಯಲ್ಲಿ ಜಾತಿ ಕೇಳೋದಿಲ್ಲ, ಬರೀ ಕೆಲಸ ನೋಡ್ತಾರೆ ಅಂತ. ಸಂದರ್ಶನದಲ್ಲಿ ಕೇಳಲಿಲ್ಲ, ಒಪ್ಪುತ್ತೇವೆ. ಆದರೆ ಕಂಬ ಹತ್ತುವವರಲ್ಲಿ, ಗುಂಡಿ ತೋಡುವವರಲ್ಲಿ ನಮ್ಮವರೇ ಯಾಕೆ ತುಂಬಿದ್ದರು? ಎ.ಸಿ. ಆಫೀಸಿನಲ್ಲಿ ನಮ್ಮ ಹೆಸರಿನವರು ಯಾಕೆ ಕಾಣಲಿಲ್ಲ?

ನಮ್ಮಲ್ಲೊಬ್ಬನ ದೊಡ್ಡಪ್ಪನ ಕತೆ ಕೇಳಿ. 1982ರಲ್ಲಿ ಅವರು ಅಂಚೆ ತಂತಿ ಇಲಾಖೆಯ ದಿನಗೂಲಿ ಮಜ್ದೂರ್. ಹೊಸದುರ್ಗದ ರಸ್ತೆ ಬದಿಯ ಗಟ್ಟಿ ನೆಲದಲ್ಲಿ ಹಾರೆ ಹಿಡಿದು ಕೇಬಲ್ ಗುಂಡಿ ತೋಡಿದವರು. ಅವರಿಗೂ ಚೀಟಿ ಇರಲಿಲ್ಲ, ನಾಳೆ ಅನ್ನೋದೂ ಇರಲಿಲ್ಲ. ಆದರೆ ಅವರ ಕಾಲದ ದಿನಗೂಲಿಗಳು ಸಂಘ ಕಟ್ಟಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಕಾಯಂ ನೌಕರನ ಮೂಲ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದು ಶೋಷಣೆ, ಒಂದು ವರ್ಷಕ್ಕಿಂತ ಹೆಚ್ಚು ಸತತ ದುಡಿದವರನ್ನು ಸೇರಿಸಿಕೊಳ್ಳಲು ಯೋಜನೆ ಮಾಡಿ ಅಂತ ಕೋರ್ಟು ಹೇಳಿತು. 1989ರಲ್ಲಿ ಯೋಜನೆ ಬಂತು. ವರ್ಷಕ್ಕೆ 240 ದಿನ ದುಡಿದವರಿಗೆ ಮೊದಲು ತಾತ್ಕಾಲಿಕ ಸ್ಥಾನ, ಆಮೇಲೆ ಕಾಯಂ. ಹಾರೆ ಹಿಡಿದ ದೊಡ್ಡಪ್ಪ ಲೈನಿನ ಕೆಲಸಕ್ಕೆ ಕಾಯಂ ಆದರು. ಆ ಸಂಬಳದಲ್ಲಿ ಅವರ ಮಗಳು ಟಿ.ಸಿ.ಎಚ್. ಓದಿ ಟೀಚರಮ್ಮ ಆದಳು. ಕೇರಿಯಲ್ಲಿ ಮೊದಲ ಆರ್.ಸಿ.ಸಿ. ಮನೆ ಅವರದು.

ಸರ್ಕಾರಿ ನೌಕರಿ ಸ್ವರ್ಗ ಅಂತ ನಾವು ಹೇಳ್ತಿಲ್ಲ. ಅಲ್ಲಿ ಒಂದು ರೋಸ್ಟರ್ ಇತ್ತು, ಬಡ್ತಿಯ ಪಟ್ಟಿ ಇತ್ತು, ಪಟ್ಟಿ ತಪ್ಪಿದರೆ ಕೇಳೋಕೆ ಒಂದು ಬಾಗಿಲಿತ್ತು. ಇಷ್ಟೇ.

2000ದ ಅಕ್ಟೋಬರ್ 1ಕ್ಕೆ ಇಲಾಖೆ ಹೋಗಿ ಬಿ.ಎಸ್.ಎನ್.ಎಲ್. ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಿಟ್ಟಿ ಇಂಟರ್‌ನೆಟ್ ಕೊಟ್ಟಾಗ ಕ್ಯೂ ನಿಂತವರು ನಾವೇ. ಬಿ.ಎಸ್.ಎನ್.ಎಲ್.ಗೆ ದೇಶದ ತುಂಬ 4ಜಿ ಬರುವ ಹೊತ್ತಿಗೆ 2025 ಆಗಿತ್ತು. ನಡುವೆ, 2020ರ ಜನವರಿ 31ರ ಒಂದೇ ದಿನ, ಸ್ವಯಂ ನಿವೃತ್ತಿ ಹೆಸರಿನಲ್ಲಿ ಸುಮಾರು 78,500 ಜನ ಬಿ.ಎಸ್.ಎನ್.ಎಲ್.ನಿಂದ ಹೊರಗೆ ಬಂದರು. ದೊಡ್ಡಪ್ಪನೂ ಬಂದರು. ಅಷ್ಟು ಕುರ್ಚಿ ಖಾಲಿಯಾದಾಗ ಅದರಲ್ಲಿ ನಮ್ಮ ಪಾಲಿನ ಮೀಸಲು ಎಷ್ಟು ಹೋಯಿತು ಅಂತ ನಾವು ಒಂದು ಕರಪತ್ರ ಹಾಕಲಿಲ್ಲ. ಫೋನು ನೋಡ್ತಾ ಕೂತಿದ್ದೆವು. ಈ ತಪ್ಪು ನಮ್ಮದು.

ಈಗ ಅದೇ ರಸ್ತೆ ಬದಿ ತಮ್ಮಂದಿರು ಗುತ್ತಿಗೆಯಲ್ಲಿ ಫೈಬರ್ ಗುಂಡಿ ತೋಡ್ತಿದ್ದಾರೆ. ದೊಡ್ಡಪ್ಪ 1982ರಲ್ಲಿ ನಿಂತಿದ್ದ ಜಾಗದಲ್ಲೇ ನಿಂತಿದ್ದೀವಿ. ಅವರಿಗಿದ್ದ ದಾರಿ ಮಾತ್ರ ನಮಗಿಲ್ಲ. 2006ರಲ್ಲಿ, ನಮ್ಮ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ನಿಯಮದಂತೆ ನೇಮಕವಾಗದ ದಿನಗೂಲಿಗಳಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಅದು ಸರ್ಕಾರದ ದಿನಗೂಲಿಗಳ ಮಾತು. ಖಾಸಗಿ ಕಂಪನಿಯ ಗುತ್ತಿಗೆದಾರನ ಗುತ್ತಿಗೆದಾರನ ಹತ್ತಿರ ದುಡಿಯುವವನು ಯಾರ ಬಾಗಿಲು ಬಡಿಯಬೇಕು? ಸಂವಿಧಾನದ 16(4)ನೇ ವಿಧಿಯ ಮೀಸಲಾತಿ ಸರ್ಕಾರದ ಹುದ್ದೆಗೆ ಮಾತ್ರ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ನೂರಕ್ಕೆ 23 ಜನ ಪರಿಶಿಷ್ಟ ಜಾತಿಯವರು. ಕಂಪನಿಯ ಪಟ್ಟಿಯಲ್ಲಿ ನಾವು ನೂರಕ್ಕೆ ಎಷ್ಟು ಅಂತ ಎಣಿಸುವವರೂ ಇಲ್ಲ. ಖಾಸಗಿಯಲ್ಲಿ, ಅದಕ್ಕಿಂತ ಮೊದಲು ಈ ಹೊರಗುತ್ತಿಗೆಯಲ್ಲಿ, ಮೀಸಲಾತಿ ಕೇಳದೆ ನಮಗೆ ಬೇರೆ ದಾರಿ ಇಲ್ಲ.

ಕೆಲಸಕ್ಕೆ ಹೋಗಬೇಡಿ ಅಂತ ಹೇಳೋಕೆ ನಾವ್ಯಾರು? ಹೊಟ್ಟೆ ಇದೆ, ಮನೆಯಲ್ಲಿ ತಂಗಿ ಇದ್ದಾಳೆ. ಹೋಗಿ. ಆದರೆ ನೇಮಕಾತಿ ಪತ್ರ ಕೇಳಿ ಹೋಗಿ. 2020ರ ಕಾರ್ಮಿಕ ಸಂಹಿತೆಯಲ್ಲಿ ಅದನ್ನು ಕೊಡಲೇಬೇಕು ಅಂತ ಬರೆದಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಅಂದ್ರೆ ಅಂಗಿಯ ಮೇಲೆ ಹೆಸರು ಬರೆಸಿದವನು ‘ಇವನು ನಮ್ಮವನಲ್ಲ’ ಅಂತ ಕೈ ತೊಳ್ಕೊಳ್ಳೋಕೆ ಆಗೋದಿಲ್ಲ. ಒಬ್ಬನೇ ಕೇಳಿದರೆ ಮರುದಿನ ಮನೆಗೆ ಕಳಿಸ್ತಾರೆ, ನಮಗೆ ಗೊತ್ತು. ಹತ್ತು ಜನ ಸೇರಿ ಕೇಳೋಣ.

ಮುಂದಿನ ಸಭೆಗೆ ಬರುವಾಗ ನಾಲ್ಕು ತಾಲೂಕಿನಲ್ಲೂ ಟವರು, ಫೈಬರು, ಸಿಮ್ಮಿನ ಕೆಲಸಕ್ಕಿರುವ ಹುಡುಗ ಹುಡುಗಿಯರು ನಿಮ್ಮ ಐಡಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹಾಜರಿ ಹಾಕಿದ ಫೋಟೋ, ಏನಿದೆಯೋ ಅದನ್ನು ತನ್ನಿ. ಟೀ ಶರ್ಟನ್ನೂ ತನ್ನಿ. ಅದರ ದುಡ್ಡು ನಾವೇ ಕೊಟ್ಟಿದ್ದೀವಿ.